ಅಣ್ಣನ ಮದುವೆಗೆ ನಾನು ಹಾಕಿದ ಸಹಿ

ಗೋಕಾಕದ ರಜಿಸ್ಟ್ರಾರ ಕಚೇರಿಗೆ ನಾನು ಮೊದಲ ಸಲ ಕಾಲಿಟ್ಟದ್ದು ಒಂದು ಮದುವೆಗಾಗಿ. ಆ ಕಾಲದಲ್ಲಿ ಹೀಗೆ ಹೇಳಿದರೆ ಜನ ನಗುತ್ತಿದ್ದರು. ಹೊಲ ಮಾರುವವರು, ಮನೆ ಒತ್ತೆ ಇಡುವವರು, ದಾನಪತ್ರ ಬರೆಸುವವರು ಹೋಗುವ ಜಾಗ ಅದು. ಮದುವೆಗೆ ಹಂದರ ಬೇಕು, ಅಯ್ಯನವರು ಬೇಕು, ಅಕ್ಕಿಕಾಳು ಬೇಕು. ಮೇಜಿನ ಮುಂದೆ ನಿಂತು ಸಹಿ ಹಾಕಿ ಗಂಡ ಹೆಂಡತಿ ಆಗಬಹುದೆಂದು ನಮ್ಮ ಬಳಗದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಣ್ಣ ಹೇಳುವ ತನಕ ನನಗೂ ಗೊತ್ತಿರಲಿಲ್ಲ.

ಅಣ್ಣ ಅಂದರೆ ನನ್ನ ದೊಡ್ಡಪ್ಪನ ಒಬ್ಬನೇ ಮಗ. ಹತ್ತರಗಿಯಿಂದ ಒಳದಾರಿ ಹಿಡಿದು ಹೋದರೆ ಸಿಗುವ ಸಣ್ಣ ಊರು ನಮ್ಮದು. ದೊಡ್ಡಪ್ಪನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅಜ್ಜ ಬದುಕಿರುವಾಗಲೇ ಪಾಲಾಗಿತ್ತು. ದೊಡ್ಡಪ್ಪ ತನ್ನ ಪಾಲಿನ ನೆಲದಲ್ಲಿ ಬಾವಿ ತೋಡಿಸಿ ಕಬ್ಬು ಹಚ್ಚಿದ, ಗಾಣ ಹೂಡಿದ, ಬೆಲ್ಲದ ವ್ಯಾಪಾರ ಬೆಳೆಸಿದ. ನಮ್ಮಪ್ಪನಿಗೆ ಅಂಥ ಕೈಗುಣ ಇರಲಿಲ್ಲ. ಮಳೆ ಬಂದಷ್ಟು ಜೋಳ, ಜೋಳ ಬಂದಷ್ಟು ಊಟ. ನನ್ನ ಬೆನ್ನಿಗೆ ಇಬ್ಬರು ತಂಗಿಯರು. ಶಾಲೆ ಬಿಟ್ಟು ಎಮ್ಮೆ ಕಾಯಲು ಹೋಗಿದ್ದ ನನ್ನನ್ನು ಕಿವಿ ಹಿಡಿದು ಕರೆತಂದವನು ಅಣ್ಣ. ನನ್ನನ್ನು ಹುಕ್ಕೇರಿಯಲ್ಲಿ ಓದಿಸಬೇಕೆಂದು ದೊಡ್ಡಪ್ಪನಿಗೆ ದುಂಬಾಲು ಬಿದ್ದವನೂ ಅವನೇ. ಅವನು ಬೆಳಗಾವಿಯಲ್ಲಿ ಓದು ಮುಗಿಸಿ ಗೋಕಾಕದಲ್ಲಿ ಮಾಸ್ತರನಾದ ಮೇಲೆ ನನಗೂ ಅಲ್ಲೊಂದು ಬೆಲ್ಲದ ಅಡತಿ ಅಂಗಡಿಯಲ್ಲಿ ಕಾರಕೂನಿಕೆ ಕೊಡಿಸಿದ. ಪೇಟೆಯ ಹಿಂದೆ ಒಂದು ಕೋಣೆ ಹಿಡಿದು ಇಬ್ಬರೂ ಇದ್ದೆವು. ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಮಾತು ಇದು.

ಒಂದು ರವಿವಾರ ಹೊಳೆಯಲ್ಲಿ ಬಟ್ಟೆ ಒಗೆಯುತ್ತ ಕೂತಾಗ ಅಣ್ಣ ವಿಷಯ ಹೇಳಿದ. ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವ ಬಾಯಿಯವರೊಬ್ಬರು ಇದ್ದರು. ಮೂಡಲಗಿ ಕಡೆಯ ಜೈನರ ಮನೆಯವಳು. ತಂದೆ ತೀರಿಕೊಂಡಿದ್ದ. ತಾಯಿಯನ್ನು ಕರೆದುಕೊಂಡು ಗೋಕಾಕದಲ್ಲಿ ಬಿಡಾರ ಮಾಡಿದ್ದಳು. ಅಣ್ಣ ಅವರ ಮನೆಗೆ ಪುಸ್ತಕ ಒಯ್ಯುವುದು, ತರುವುದು ನನಗೆ ಗೊತ್ತಿತ್ತು. ಅದಕ್ಕಿಂತ ಮುಂದೆ ನಾನು ಯೋಚಿಸಿರಲಿಲ್ಲ.

“ನಾ ಆಕೀನ ಲಗ್ನ ಆಗತೇನಿ,” ಅಂದ. “ರಜಿಸ್ಟ್ರಾರ ಮುಂದ. ಮೂರು ಮಂದಿ ಸಾಕ್ಷಿ ಬೇಕಂತ. ಅದರಾಗ ನೀ ಒಬ್ಬ.”

ಹಿಂಡುತ್ತಿದ್ದ ಧೋತರ ನನ್ನ ಕೈಯಲ್ಲೇ ಉಳಿಯಿತು. ಸಾಕ್ಷಿ ಅಂದರೆ ಕೋರ್ಟಿನದ್ದೇ ನೆನಪಾಗಿ ಹೆದರಿಕೆಯೂ ಆಯಿತು, ನನ್ನನ್ನೇ ಕೇಳಿದನಲ್ಲ ಎಂದು ಹೆಮ್ಮೆಯೂ ಆಯಿತು. ಹೂಂ ಅಂದೆ.

ಮರುದಿನ ಅಣ್ಣನೂ ಅವಳೂ ಕಚೇರಿಗೆ ಹೋಗಿ ಮದುವೆಯ ತಿಳಿವಳಿಕೆ ಪತ್ರ ಬರೆದುಕೊಟ್ಟು ಬಂದರು. ಅದನ್ನು ಒಂದು ಪುಸ್ತಕದಲ್ಲಿ ಏರಿಸಿ, ಯಾರು ಬೇಕಾದರೂ ಬಂದು ಓದಲಿ ಎಂದು ಇಡುತ್ತಿದ್ದರು. ಎರಡು ವಾರದೊಳಗೆ ಯಾರಾದರೂ ತಕರಾರು ಹೇಳಬಹುದು. ತಕರಾರು ಬರದಿದ್ದರೆ ಮದುವೆ. ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಕೂತು ಖರೀದಿಪತ್ರ ಬರೆದುಕೊಡುವವರಲ್ಲಿ ಒಬ್ಬನಿಗೆ ನಮ್ಮೂರ ಪರಿಚಯವಿತ್ತು. ವಾರ ತುಂಬುವ ಮೊದಲೇ ಸುದ್ದಿ ದೊಡ್ಡಪ್ಪನ ಪಡಸಾಲೆಗೆ ಮುಟ್ಟಿತು.

ದೊಡ್ಡಪ್ಪ ಬಂದ. ಕೂಗಾಡುತ್ತಾನೆ, ಬಡಿಯುತ್ತಾನೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ರುಮಾಲು ತೆಗೆದು ಪಕ್ಕದಲ್ಲಿಟ್ಟುಕೊಂಡು ನಮ್ಮ ಕೋಣೆಯ ಚಾಪೆಯ ಮೇಲೆ ಕೂತ. ಹುಡುಗಿ ಓದಿದವಳು, ಮಾಂಸ ಮುಟ್ಟದ ಮನೆಯವಳು, ಜಾತಿಯ ಮಾತನ್ನು ತಾನು ನುಂಗಿಕೊಳ್ಳುತ್ತೇನೆ, ಆದರೆ ನಮ್ಮ ಮನೆಯ ಹೊಸ್ತಿಲು ದಾಟುವವಳ ಕೊರಳಲ್ಲಿ ಲಿಂಗ ಇರಬೇಕು, ಅಯ್ಯನವರನ್ನು ಕರೆಸಿ ದೀಕ್ಷೆ ಕೊಡಿಸೋಣ, ಆಮೇಲೆ ಊರಲ್ಲೇ ಹಂದರ ಹಾಕಿ ಮದುವೆ ಮಾಡುತ್ತೇನೆ ಎಂದ. ದೊಡ್ಡಪ್ಪನಂಥವನ ಬಾಯಿಂದ ಇಷ್ಟು ಬಂದದ್ದೇ ದೊಡ್ಡದು. ಅಣ್ಣ ತಾನಾಗಿ ಅವಳ ಹತ್ತಿರ ಇದನ್ನು ಕೇಳುವುದಿಲ್ಲ ಅಂದ. ಹಾಗಾಗಿ ನಾನು ಹೋದೆ.

ಅವಳು ನನ್ನನ್ನು ಕೂರಿಸಿ ನೀರು ಕೊಟ್ಟು ಪೂರ್ತಿ ಕೇಳಿಸಿಕೊಂಡಳು. “ಲಿಂಗದ ಮ್ಯಾಲ ನನಗ ಭಕ್ತಿ ಐತ್ರಿ,” ಅಂದಳು. “ಆದರ ಲಗ್ನಾ ಆಗಲಿ ಅಂತ ಅದನ್ನ ಕಟಗೊಂಡರ ದೇವರಿಗೆ ಸುಳ್ಳ ಹೇಳಿದಂಗ ಆಗತೈತಿ. ನಿಮ್ಮ ದೊಡ್ಡಪ್ಪಾರಿಗೂ ಅದು ಚಲೋ ಅಲ್ಲ.”

ಅದನ್ನೇ ಬಂದು ಹೇಳಿದೆ. ಒಂದು ಮಾತು ಹೆಚ್ಚಿಸಲಿಲ್ಲ, ಕಡಿಮೆ ಮಾಡಲಿಲ್ಲ. ದೊಡ್ಡಪ್ಪ ರುಮಾಲು ಸುತ್ತಿಕೊಂಡು ಎದ್ದ. ನಾನು ತಂದಿಟ್ಟ ಚಹಾ ಹಾಗೇ ಆರಿತ್ತು. ಹೊಸ್ತಿಲಲ್ಲಿ ನಿಂತು ಅಣ್ಣನನ್ನು ನೋಡಲಿಲ್ಲ, ನನ್ನನ್ನು ನೋಡಿದ. ಸಾಕ್ಷಿ ಯಾರು ಹಾಕುವವರು ಎಂದು ಕೇಳಿದ. ನಾನು ತಲೆ ತಗ್ಗಿಸಿದೆ. ಅವನಿಗೆ ಅಷ್ಟು ಸಾಕಾಯಿತು.

ಮದುವೆಯ ದಿನ ಕಚೇರಿಯಲ್ಲಿ ಎಂದಿನಂತೆ ಹೊಲದ ಕಾಗದದವರು ತುಂಬಿದ್ದರು. ಅಣ್ಣ ಒಗೆದ ಕೋಟು ಹಾಕಿದ್ದ. ಅವಳು ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ನನ್ನ ಜತೆ ಸಾಕ್ಷಿಗೆ ಅಣ್ಣನ ಶಾಲೆಯ ಹಿರಿಯ ಮಾಸ್ತರರು ಮತ್ತು ಅವಳ ಬಿಡಾರದ ಮಾಲೀಕರಾದ ಅತ್ತರಿನ ವ್ಯಾಪಾರಿ, ಬಿಳಿ ಗಡ್ಡದ ಮುಸಲ್ಮಾನ ಹಿರಿಯರು ಬಂದಿದ್ದರು. ಅವರು ಎಲ್ಲರ ಕೈಗೂ ಒಂದೊಂದು ಹನಿ ಅತ್ತರು ಹಚ್ಚಿದರು. ಆ ಮದುವೆಗೆ ಇದ್ದ ಸಡಗರ ಅಷ್ಟೇ.

ರಜಿಸ್ಟ್ರಾರರು ಕನ್ನಡಕ ಹಾಕಿಕೊಂಡು ಕಾಯಿದೆ ಓದಿ ಹೇಳಿದರು. ಒಳ್ಳೆಯ ಮನುಷ್ಯ. ಅಣ್ಣನನ್ನು ನೀವು ತಂದೆಗೆ ಒಬ್ಬರೇ ಮಗನೇ ಎಂದು ಕೇಳಿದರು. ಹೌದು ಅಂದಾಗ, ಈ ರೀತಿ ಲಗ್ನವಾದವನು ತನ್ನ ಕೂಡುಕುಟುಂಬದಿಂದ ಬೇರೆಯಾದ ಹಾಗೆ, ಬೇರೆ ಮಗ ಇಲ್ಲದಿದ್ದರೆ ತಂದೆಗೆ ಇನ್ನೊಬ್ಬನನ್ನು ದತ್ತಕ ತೆಗೆದುಕೊಳ್ಳುವ ಹಕ್ಕು ಬರುತ್ತದೆ, ಇದನ್ನು ತಿಳಿದೇ ಸಹಿ ಮಾಡಿ ಎಂದರು.

“ತಗೊಳ್ಳಲಿ ಬಿಡ್ರಿ,” ಎಂದು ಅಣ್ಣ ನಕ್ಕ. ನಾನೂ ನಕ್ಕೆ. ಬದುಕಿರುವ ಮಗನ ಜಾಗಕ್ಕೆ ಇನ್ನೊಬ್ಬ ಮಗ ಬರುವುದು ಆ ಹೊತ್ತಿಗೆ ನಗೆಯ ಮಾತೇ ಆಗಿತ್ತು.

ಆಮೇಲೆ ಇಬ್ಬರೂ ಎದುರುಬದುರು ನಿಂತು ಒಬ್ಬರನ್ನೊಬ್ಬರು ಸ್ವೀಕರಿಸಿದ್ದೇವೆಂದು ಎಲ್ಲರಿಗೂ ಕೇಳುವಂತೆ ಹೇಳಬೇಕಿತ್ತು. ಅಣ್ಣನ ದನಿ ನಡುಗಿತು. ಅವಳ ದನಿ ನಡುಗಲಿಲ್ಲ. ಬಾಗಿಲ ಹತ್ತಿರ ಗದ್ದಲ ಮಾಡುತ್ತಿದ್ದ ಒಕ್ಕಲಿಗರು ಸುಮ್ಮನಾದರು. ಒಬ್ಬ ಮುದುಕ ತಲೆಯ ರುಮಾಲು ಸರಿಮಾಡಿಕೊಂಡು ಎದ್ದು ನಿಂತ. ನಾನು ಮಸಿಯ ದೌತಿಯಲ್ಲಿ ಟಾಕು ಅದ್ದಿ, ನನ್ನ ಪೂರ್ಣ ಹೆಸರನ್ನು, ಅಪ್ಪನ ಹೆಸರು ಸಹಿತ, ದುಂಡಗೆ ಬರೆದೆ. ಅಂದಿನಿಂದ ಅವಳು ನನಗೆ ವೈನಿ.

ದೊಡ್ಡಪ್ಪ ಮುಂದೆ ಕೆಲವು ತಿಂಗಳು ಯಾರೊಂದಿಗೂ ಆ ಮಾತು ಆಡಲಿಲ್ಲ. ಸುಗ್ಗಿ ಮುಗಿದ ಮೇಲೆ ನನ್ನನ್ನೂ ಅಪ್ಪನನ್ನೂ ತನ್ನ ಪಡಸಾಲೆಗೆ ಕರೆಸಿದ. ಹುಕ್ಕೇರಿಯ ವಕೀಲರೂ ಬಂದಿದ್ದರು. ದೊಡ್ಡವ್ವ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ನನ್ನನ್ನು ದತ್ತಕ ತೆಗೆದುಕೊಳ್ಳುವುದಾಗಿ ದೊಡ್ಡಪ್ಪ ಹೇಳಿದ. ನಾನು ಇಪ್ಪತ್ತು ದಾಟಿದವನು, ಮೀಸೆ ಬಂದವನು. ಕೂಸನ್ನಲ್ಲವೇ ದತ್ತಕ ತೆಗೆದುಕೊಳ್ಳುವುದು ಅಂದೆ. ನಮ್ಮ ಮುಂಬೈ ಇಲಾಖೆಯ ರಿವಾಜಿನಲ್ಲಿ ವಯಸ್ಸಿನ ಅಡ್ಡಿ ಇಲ್ಲವೆಂದು ವಕೀಲರು ತಿಳಿಸಿದರು.

“ನಾ ಬ್ಯಾಡ ದೊಡ್ಡಪ್ಪಾ,” ಅಂದೆ. “ಸಹಿ ಮಾಡಿದವ ನಾನ ಅಲ್ಲೇನು?”

“ಅದಕ್ಕ,” ಅಂದ ದೊಡ್ಡಪ್ಪ. “ಈ ಮನಿ ಖಾಲಿ ಮಾಡಾಕ ನಿನ್ನ ಕೈ ಹತ್ತೈತಿ. ತುಂಬುದೂ ನಿಂದ ಕೆಲಸ.”

ನಾನು ಮತ್ತೆ ಬಾಯಿ ತೆರೆಯುವ ಮೊದಲೇ ಅಪ್ಪ ಒಪ್ಪಿಬಿಟ್ಟಿದ್ದ. ಅವನನ್ನು ನಾನು ದೂರುವುದಿಲ್ಲ. ಹೊರಗೆ ಕಟ್ಟೆಯ ಮೇಲೆ ನನ್ನ ದೊಡ್ಡ ತಂಗಿ ಜೋಳ ಹಸನು ಮಾಡುತ್ತಿದ್ದಳು. ಅವಳನ್ನು ನೋಡಲು ವರನ ಕಡೆಯವರು ಬಂದು ಬಂದು ತಿರುಗಿ ಹೋಗುತ್ತಿದ್ದರು.

ಅಣ್ಣನನ್ನು ಕೇಳದೆ ಒಪ್ಪಲಾರೆನೆಂದು ಗೋಕಾಕಕ್ಕೆ ಹೋದೆ. ಅವನು ಬೇಡ ಅನ್ನಲಿ ಎಂಬ ಆಸೆ ನನಗಿತ್ತು. ಹಾಗಂದರೆ ಏನು ಮಾಡಲಿ ಎಂಬ ಹೆದರಿಕೆಯೂ ಇತ್ತು. ಅವನು ಬೇಡ ಅನ್ನಲಿಲ್ಲ. ನೀನಲ್ಲದಿದ್ದರೆ ಇನ್ಯಾರೋ ಬರುತ್ತಾರೆ, ಅವ್ವನ ಹತ್ತಿರ ನೀನಿದ್ದರೆ ನನಗೆ ಧೈರ್ಯ ಅಂದ. ತನಗೆ ಬರುವ ಪಾಲನ್ನೂ ಬಿಟ್ಟುಕೊಟ್ಟು ಬರೆದುಕೊಡುತ್ತೇನೆಂದ. ತನ್ನ ಅಪ್ಪನ ಮೇಲೆ ದಾವೆ ಹೂಡಿ ನೆಲ ತೆಗೆದುಕೊಳ್ಳುವುದು ತನ್ನಿಂದಾಗದು ಎಂದ. ಅಷ್ಟೊತ್ತಿನ ತನಕ ಮಕ್ಕಳ ಪಾಟಿಗಳನ್ನು ತಿದ್ದುತ್ತ ಕೂತಿದ್ದ ವೈನಿ ತಲೆ ಎತ್ತಿದಳು.

“ಒಂದ ಮಾತ ಕೇಳ್ತೇನ್ರಿ. ದತ್ತಕ ತಗೊಳ್ಳೋದು ಮಕ್ಕಳಿಲ್ಲದವರು, ಮಗ ಸತ್ತವರು. ಇವರು ಸತ್ತಾರೇನ್ರಿ?”

ಅಣ್ಣ ಅವಳನ್ನು ಸುಮ್ಮನಿರಿಸಿದ. ಅವಳು ನನ್ನ ಮೇಲೆ ಸಿಟ್ಟಾಗಿರಲಿಲ್ಲ, ಅದು ನನಗೆ ಗೊತ್ತು. ಸಿಟ್ಟಾಗಿದ್ದರೆ ನಾನು ಎದ್ದು ಬಂದು, ಮರೆತು, ಹಗುರಾಗುತ್ತಿದ್ದೆ. ಅವಳು ನಿಜವಾಗಿ ಕೇಳಿದ್ದಳು.

ದತ್ತಕದ ದಿನ ಅಯ್ಯನವರು ಬಂದು ವಿಭೂತಿ ಹಚ್ಚಿದರು. ಅಪ್ಪ ನನ್ನ ಕೈ ಹಿಡಿದು ದೊಡ್ಡಪ್ಪನ ಕೈಯಲ್ಲಿಟ್ಟ. ಹೆತ್ತವ್ವ ಗೋಡೆಯ ಆಚೆ ನಮ್ಮ ಮನೆಯಲ್ಲೇ ಉಳಿದಳು, ಬರಲಿಲ್ಲ. ನನ್ನನ್ನು ದೊಡ್ಡವ್ವನ ತೊಡೆಯ ಮೇಲೆ ಕೂರಿಸುವ ಶಾಸ್ತ್ರ ಇತ್ತು. ಬೆಳೆದ ಗಂಡಸು ನಾನು. ಹೆಸರಿಗೆ ಮಾತ್ರ ಅವಳ ಮೊಣಕಾಲಿಗೆ ತಾಗಿ ಕೂತೆ. ಅಂದಿನಿಂದ ದೊಡ್ಡವ್ವ ನನಗೆ ಅವ್ವ, ಹೆತ್ತವ್ವ ಲೆಕ್ಕಕ್ಕೆ ಕಾಕಿ, ಚಿಕ್ಕಪ್ಪನ ಹೆಂಡತಿ. ಎರಡು ಹೆಸರೂ ನನ್ನ ನಾಲಿಗೆಯ ಮೇಲೆ ಹೊರಳಲಿಲ್ಲ. ನಾನು ಇಬ್ಬರನ್ನೂ ಯಾವ ಹೆಸರಿನಿಂದಲೂ ಕರೆಯದೆ, ಹತ್ತಿರ ಹೋಗಿ ನಿಂತು ಮಾತು ಶುರುಮಾಡುವುದನ್ನು ಕಲಿತೆ.

ಆ ಮನೆಯಲ್ಲಿ ನನಗೆ ಅಣ್ಣನ ಕೋಣೆ ಕೊಟ್ಟರು. ಗೂಟದಲ್ಲಿ ಅವನ ಹಳೆಯ ಕೋಟು ಇತ್ತು. ಅದನ್ನು ತೆಗೆಯಲು ದೊಡ್ಡವ್ವನೂ ಹೇಳಲಿಲ್ಲ, ನಾನೂ ಮುಟ್ಟಲಿಲ್ಲ. ನನಗೆ ಅವಳು ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಜ್ವರ ಬಂದಾಗ ತಲೆಗೆ ಒದ್ದೆ ಬಟ್ಟೆ ಹಾಕಿದಳು, ಹೊಲದಿಂದ ತಡವಾಗಿ ಬಂದರೆ ರೊಟ್ಟಿ ಆರದಂತೆ ಮುಚ್ಚಿಟ್ಟು ಕಾದಳು. ಆದರೆ ಅಂಗಳದಲ್ಲಿ ಚಪ್ಪಲಿ ಸದ್ದಾದಾಗ ಅವಳು ಒಳಗಿನಿಂದ ಬಂದು ನೋಡುತ್ತಿದ್ದ ರೀತಿ, ನಾನೆಂದು ಕಂಡ ಮೇಲೆ ಮುಖ ಸ್ವಲ್ಪ ಬದಲಾಗುತ್ತಿದ್ದ ರೀತಿ ನನಗೆ ಮರೆಯಲಾಗಿಲ್ಲ. ಅದು ಬೇಕೆಂದು ಮಾಡಿದ್ದಲ್ಲ. ನಾನು ಕೆಮ್ಮಿ ಅಂಗಳಕ್ಕೆ ಬರುವ ರೂಢಿ ಮಾಡಿಕೊಂಡೆ, ಅವಳು ಸುಮ್ಮನೆ ಎದ್ದು ಬರದಿರಲಿ ಎಂದು.

ಅಣ್ಣನಿಗೆ ಗಂಡುಮಗು ಹುಟ್ಟಿದ ಸುದ್ದಿ ಬಂದಾಗ ಯುದ್ಧ ನಡೆದಿತ್ತು. ದೊಡ್ಡವ್ವ ಎರಡು ದಿನ ಬಿಟ್ಟು, ಕಣ್ಣು ಮಂಜಾಗಿದೆ, ಗೋಕಾಕದ ಡಾಕ್ಟರರಿಗೆ ತೋರಿಸಬೇಕೆಂದು ದೊಡ್ಡಪ್ಪನಿಗೆ ಹೇಳಿದಳು. ಕರೆದುಕೊಂಡು ಹೋಗು ಎಂದು ದೊಡ್ಡಪ್ಪ ನನಗೆ ಹೇಳಿದ. ಪೆಟ್ರೋಲು ಸಿಗದ ಕಾಲ. ಬಸ್ಸಿನ ಹಿಂದೆ ಇದ್ದಿಲ ಒಲೆ ಕಟ್ಟಿ ಅದರ ಗ್ಯಾಸಿನಿಂದ ಓಡಿಸುತ್ತಿದ್ದರು. ಏರು ಬಂದಲ್ಲಿ ಗಂಡಸರೆಲ್ಲ ಇಳಿದು ನೂಕಬೇಕಿತ್ತು. ನಾನು ನೂಕಿ ಬಂದು ಕೂತಾಗ ದೊಡ್ಡವ್ವ ಸೆರಗಿನಿಂದ ನನ್ನ ಮುಖದ ಮಸಿ ಒರೆಸಿದಳು. ಡಾಕ್ಟರರ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ಅಣ್ಣನ ಮನೆಯಲ್ಲಿ ಮಗುವನ್ನು ಕೈಗೆ ಕೊಟ್ಟಾಗ ದೊಡ್ಡವ್ವ ಅತ್ತಳು. ಸೊಸೆಯನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಆಮೇಲೆ, ಮದುವೆ ಹೇಗಾಯಿತು, ಯಾರು ಅಕ್ಕಿಕಾಳು ಹಾಕಿದರು ಎಂದು ಕೇಳಿದಳು. ವೈನಿ ಇದ್ದದ್ದನ್ನು ಹೇಳಿದಳು. ಅಕ್ಕಿಕಾಳು ಯಾರೂ ಹಾಕಿರಲಿಲ್ಲ. ಆ ಮದುವೆ ಬರೆದ ಪುಸ್ತಕ ಇನ್ನೂ ಕಚೇರಿಯಲ್ಲಿದೆ, ಕೇಳಿದವರಿಗೆ ತೋರಿಸುತ್ತಾರೆ ಎಂದಳು.

“ನನಗೂ ತೋರಸ್ತಾರೇನು?” ಅಂದಳು ದೊಡ್ಡವ್ವ.

ಮಧ್ಯಾಹ್ನ ನಾನೇ ಅವಳನ್ನು ಕರೆದುಕೊಂಡು ಹೋದೆ. ಅಣ್ಣ ಶಾಲೆಗೆ ಹೋಗಿದ್ದ. ಮದುವೆಯ ದಾಖಲೆ ನೋಡಬೇಕು, ನಕಲು ಬೇಡ, ನೋಡಿದರೆ ಸಾಕು ಎಂದಾಗ ಗುಮಾಸ್ತ ಯಾರು ನೋಡುವವರು ಎಂದು ಕೇಳಿದ. ಹುಡುಗನ ತಾಯಿ ಎಂದೆ. ಅವನು ನನ್ನ ಮುಖ ನೋಡಿ, ನೀವೇನಾಗಬೇಕು ಎಂದ. ತಮ್ಮ ಅಂದೆ. ಕಾಯಿದೆಯಂತೆ ಅದು ಸುಳ್ಳಲ್ಲ. ಆದರೂ ಸುಳ್ಳು ಹೇಳಿದವನ ಹಾಗೆ ಅವನ ಕಣ್ಣು ತಪ್ಪಿಸಿದೆ.

ಗುಮಾಸ್ತ ಪುಸ್ತಕ ತಂದು ಪುಟ ತೆರೆದ. ದೊಡ್ಡವ್ವನಿಗೆ ಓದು ಬರುತ್ತಿರಲಿಲ್ಲ. ನಾನು ಬೆರಳಿಟ್ಟು ತೋರಿಸಿದೆ: ಇದು ಅಣ್ಣನ ಸಹಿ, ಇದು ವೈನಿಯ ಸಹಿ. ಅವಳು ಮಗನ ಹೆಸರಿನ ಮೇಲೆ ಬೆರಳ ತುದಿ ಇಟ್ಟು ಸವರಿದಳು. ಸೊಸೆಯದ್ದನ್ನೂ ಸವರಿದಳು. ಕೆಳಗಿನವು ಯಾರವು ಎಂದು ಕೇಳಿದಳು. ಮಾಸ್ತರರದ್ದು, ಅತ್ತರಿನವರದ್ದು ಹೇಳಿ, ಮೂರನೆಯದು ನನ್ನದು ಅಂದೆ.

ಅವಳು ನನ್ನ ಸಹಿಯನ್ನು ನೋಡಿದಳು.

“ನೀ ಇದ್ದಿ,” ಅಂದಳು. “ನಾ ಇರಲಿಲ್ಲ.”

ಬೈದಂತೆ ಇರಲಿಲ್ಲ ಆ ಮಾತು. ಹೊಟ್ಟೆಕಿಚ್ಚೂ ಅಲ್ಲ. ಆದದ್ದನ್ನು ಆದ ಹಾಗೆ ಹೇಳಿದಳು ಅಷ್ಟೇ. ಅವಳ ಮಗನ ಮದುವೆ ನೋಡಿದ ಕಣ್ಣು ನನ್ನದು, ಅವಳ ಮಗನ ಕೋಣೆಯಲ್ಲಿ ಮಲಗುವ ಮೈ ನನ್ನದು. ಅವಳಿಗೆ ಸಲ್ಲಬೇಕಾದದ್ದೆಲ್ಲ ದಾರಿ ತಪ್ಪಿ ನನ್ನ ಹತ್ತಿರ ಬಂದು ಕೂತಿತ್ತು.

ಆಮೇಲೆ ಅವಳು ಸೆರಗಿನ ತುದಿಯ ಗಂಟು ಬಿಚ್ಚಿದಳು. ಅರಿಷಿಣ ಹಚ್ಚಿದ ಅಕ್ಕಿಕಾಳು ಇದ್ದವು. ಸೊಸೆಯ ಮನೆಯಲ್ಲಿ ಯಾವಾಗ ಬೇಡಿ ಕಟ್ಟಿಕೊಂಡಳೋ ನನಗೆ ತಿಳಿಯದು. ತೆರೆದ ಪುಟದ ಮೇಲೆ ನಾಲ್ಕು ಕಾಳು ಹಾಕಿ ಕೈ ಮುಗಿದಳು. ಗುಮಾಸ್ತ ಗಾಬರಿಯಾಗಿ ಒಳಗಿನ ಮೇಜಿನ ಕಡೆ ನೋಡಿದ. ಅಲ್ಲಿ ಹಳೆಯ ರಜಿಸ್ಟ್ರಾರರ ಜಾಗಕ್ಕೆ ಬೇರೆ ಸಾಹೇಬರು ಬಂದಿದ್ದರು. ಅವರು ಬರೆಯುವುದನ್ನು ನಿಲ್ಲಿಸಿ ನೋಡಿ, ಮತ್ತೆ ಬರೆಯತೊಡಗಿದರು. ಗುಮಾಸ್ತ ಅವಳು ಕೈ ಇಳಿಸುವ ತನಕ ಕಾದು, ಕಾಳುಗಳನ್ನು ನೆಲಕ್ಕೆ ಕೊಡವದೆ ಕಾಗದದ ಚೂರಿನಲ್ಲಿ ತೆಗೆದು ನನ್ನ ಕೈಗೆ ಕೊಟ್ಟ. ನಾನು ಅದನ್ನು ವೈನಿಗೆ ಒಯ್ದುಕೊಟ್ಟೆ. ಅವಳು ಒಂದು ಕಾಳನ್ನು ಮಗುವಿನ ತಲೆಯ ಮೇಲೆ ಇಟ್ಟಳು.

ಸಂಜೆ ಊರಿಗೆ ಮರಳಿದೆವು. ಊಟಕ್ಕೆ ಕೂತಾಗ ದೊಡ್ಡಪ್ಪ ಕಣ್ಣು ಹೇಗಿವೆ ಎಂದು ಕೇಳಿದ. ಈಗ ಚೆನ್ನಾಗಿ ಕಾಣುತ್ತವೆ ಎಂದಳು ದೊಡ್ಡವ್ವ. ಅವನು ರೊಟ್ಟಿ ಮುರಿಯುತ್ತ, ತಾಟಿನಿಂದ ತಲೆ ಎತ್ತದೆ, “ಕೂಸು ಯಾರಂಗ ಐತಿ?” ಎಂದ.

ದೊಡ್ಡವ್ವ ಪಲ್ಲೆ ಬಡಿಸುತ್ತಿದ್ದ ಸೌಟು ಹಿಡಿದೇ ನಿಂತಳು. ಆಮೇಲೆ, ನಿಮ್ಮ ಹಾಗೇ ಇದೆ ಎಂದಳು.

ಅದಾದ ಮೇಲೆ ದೊಡ್ಡಪ್ಪ ಮೆತ್ತಗಾದ. ಮೊಮ್ಮಗನ ಬಗ್ಗೆ ಅವರಿವರನ್ನು ಕೇಳುತ್ತಿದ್ದ. ಹುಕ್ಕೇರಿಯ ಸಂತೆಗೆ ಹೋದಾಗ ಒಮ್ಮೆ ನನ್ನನ್ನೂ ಕರೆದುಕೊಂಡು ವಕೀಲರ ಮನೆಗೆ ಹೋಗಿ, ತೆಗೆದುಕೊಂಡ ದತ್ತಕವನ್ನು ತಿರುಗಿಸಲು ಬರುತ್ತದೇನು ಎಂದು ಕೇಳಿದ. ನಾನು ಪಕ್ಕದಲ್ಲೇ ಕೂತಿದ್ದೆ. ನನ್ನನ್ನು ನೋಯಿಸಬೇಕೆಂದು ಕೇಳಿದ್ದಲ್ಲ; ನನ್ನ ಬೆನ್ನ ಹಿಂದೆ ಕೇಳಬಾರದೆಂದು ಎದುರಿಗೇ ಕೇಳಿದ್ದ.

ವಕೀಲರು ತಲೆ ಅಲ್ಲಾಡಿಸಿದರು. “ಆಸ್ತಿ ಬಿಟ್ಟುಕೊಡಾಕ ಬರತೈತ್ರಿ. ಮಗ ಅಂಬೋದನ್ನ ಬಿಟ್ಟುಕೊಡಾಕ ಬರಂಗಿಲ್ಲ. ಆಗಿದ್ದು ಆತು.”

ಆಸ್ತಿ ಬಿಟ್ಟುಕೊಡುತ್ತೇನೆಂದು ಆಗಲೇ ಹೇಳಿದೆ. ಮನಸ್ಸಿನಿಂದಲೇ ಹೇಳಿದೆ. ದೊಡ್ಡಪ್ಪ ನನ್ನ ಮುಖ ನೋಡಿದ. ನನ್ನ ದೊಡ್ಡ ತಂಗಿಯ ಮದುವೆ ಆತನೇ ಮುಂದೆ ನಿಂತು ಗೊತ್ತುಮಾಡಿದ್ದ. ವರನ ಕಡೆಯವರು ಒಪ್ಪಿದ್ದು ಅವಳು ಅವನ ಮನೆತನದ ಹುಡುಗಿ, ಆ ಹೊಲಮನೆ ನನ್ನ ಕೈಗೆ ಬರುತ್ತದೆ ಎಂದು. ಕೊಟ್ಟ ಮಾತು ಕೆಡಿಸಿಕೊಳ್ಳುವುದು ಬೇಡ, ಹೀಗೇ ನಡೆಯಲಿ ಎಂದ. ಆ ಕ್ಷಣ ನನ್ನ ಎದೆಯಲ್ಲಿ ಏನೋ ಸಡಿಲಾಯಿತು. ಸಂತೋಷವೇ ಇರಬೇಕು ಅದು. ದಾರಿಯುದ್ದಕ್ಕೂ ಗಾಡಿಯಲ್ಲಿ ದೊಡ್ಡಪ್ಪನಿಗೆ ಬೆನ್ನು ಮಾಡಿ ಕೂತೆ, ಮುಖದಲ್ಲಿ ಅದು ಕಂಡೀತೆಂದು. ನಾನಿಲ್ಲದಿದ್ದರೆ ಆ ಮನೆಗೆ ಅವನ ಮಗ ತಿರುಗಿ ಬರಬಹುದಿತ್ತು. ಬಾಗಿಲು ತೆರೆಯುವ ಮನಸ್ಸು ಮುದುಕನಿಗೆ ಬಂದಿತ್ತು, ಆದರೆ ಬಾಗಿಲಲ್ಲಿ ನಾನು ನಿಂತಿದ್ದೆ.

ಯುದ್ಧ ಮುಗಿಯುವ ಹೊತ್ತಿಗೆ ದೊಡ್ಡಪ್ಪನಿಗೆ ಲಕ್ವಾ ಹೊಡೆಯಿತು. ಬಲಗಡೆ ಬಿದ್ದುಹೋಯಿತು. ಯಾರನ್ನೂ ಕೇಳದೆಯೇ ನಾನು ಗೋಕಾಕಕ್ಕೆ ಹೋಗಿ ಅಣ್ಣನನ್ನೂ ವೈನಿಯನ್ನೂ ಮಗುವನ್ನೂ ಕರೆತಂದೆ. ವೈನಿ ಹೊಸ್ತಿಲಾಚೆ ನಿಂತಳು. ದೊಡ್ಡಪ್ಪ ಎಡಗೈ ಎತ್ತಿ ಒಳಗೆ ಬಾ ಎಂದು ಸನ್ನೆ ಮಾಡಿದ. ಕೊರಳನ್ನು ನೋಡಲಿಲ್ಲ. ಮಗು ಅವನ ಮೀಸೆ ಹಿಡಿದು ಎಳೆಯಿತು. ಮಾತು ನಿಂತುಹೋಗಿದ್ದ ಬಾಯಿಂದ ಏನೋ ಸದ್ದು ಬಂತು. ನಕ್ಕನೆಂದು ದೊಡ್ಡವ್ವ ಹೇಳಿದಳು.

ಅವರು ಮೂರು ದಿನ ಇದ್ದು ಹೋದರು. ಆ ತಿಂಗಳೇ ದೊಡ್ಡಪ್ಪ ತೀರಿಕೊಂಡ. ಮಣ್ಣಿಗೆ ಒಯ್ಯುವ ಮೊದಲು ಅಯ್ಯನವರು ಮಗ ಮುಂದೆ ಬರಲಿ ಎಂದರು. ನಾನು ಕದಲಲಿಲ್ಲ, ಅಣ್ಣನೂ ಕದಲಲಿಲ್ಲ. ಊರವರೆಲ್ಲ ನೋಡುತ್ತಿದ್ದರು. ಹೆಣದ ತಲೆಯ ಬಳಿ ಕೂತಿದ್ದ ದೊಡ್ಡವ್ವ, “ಇಬ್ಬರೂ ಬರ್ರಿ,” ಎಂದಳು. ಇಬ್ಬರೂ ಸೇರಿ ಕುಣಿಯಲ್ಲಿ ಇಳಿಸಿದೆವು. ಅಣ್ಣನ ಕೈ ನನ್ನ ಕೈಗೆ ತಾಗಿತ್ತು. ಎಷ್ಟೋ ವರ್ಷಗಳ ಮೇಲೆ ಅಂದು ಅವನ ಹೆಗಲಿಗೆ ತಲೆ ಇಟ್ಟು ಅತ್ತೆ.

ದಿನಕರ್ಮ ಮುಗಿದ ಮೇಲೆ ನಾನು ಅಣ್ಣನ ಮುಂದೆ ಮಾತು ತೆಗೆದೆ. ಬಾವಿಯ ಹೊಲವನ್ನಾದರೂ ನಿನ್ನ ಹೆಸರಿಗೆ ಬರೆದುಕೊಡುತ್ತೇನೆ, ನಾಳೆಯೇ ಹುಕ್ಕೇರಿ ಕಚೇರಿಗೆ ಹೋಗೋಣ ಎಂದೆ. ಅಣ್ಣ ವೈನಿಯ ಕಡೆ ನೋಡಿದ.

“ಬರದು ಕೊಟ್ಟು ನೀವು ಹಗರ ಆಗತೀರಿ,” ಅಂದಳು. “ಆಮ್ಯಾಲ ಆ ಭಾರ ನಾವು ಹೊರಬೇಕು. ನಮಗ ಹೊಲ ಬ್ಯಾಡ್ರಿ. ಅತ್ತೀನ ನಮ್ಮ ಕೂಡ ಕಳಸ್ರಿ.”

ನಾನು ದೊಡ್ಡವ್ವನನ್ನು ನೋಡಿದೆ. ನಾನೇನು ಬಯಸಿದ್ದೆನೋ ಈಗ ಸರಿಯಾಗಿ ಹೇಳಲಾರೆ. ಅವಳು ಎದ್ದು ಹೋಗಿ ತನ್ನ ಎರಡು ಸೀರೆ, ಲಿಂಗಪೂಜೆಯ ಸಾಮಾನು ಗಂಟು ಕಟ್ಟಿಕೊಂಡು ಬಂದಳು. ಕೊಟ್ಟಿಗೆಯ ಆಕಳು ಈಯುವ ದಿನ ಹತ್ತಿರವಿದೆ, ನೋಡಿಕೋ ಎಂದು ನನಗೆ ಹೇಳಿದಳು. ಗಾಡಿಯಲ್ಲಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

ಹೊಲ ನನ್ನಲ್ಲೇ ಉಳಿಯಿತು. ಅದರಲ್ಲೇ ಇಬ್ಬರು ತಂಗಿಯರ ಮದುವೆಯಾಯಿತು, ನನ್ನ ಮದುವೆಯೂ ಆಯಿತು, ಹಂದರ ಹಾಕಿ, ಅಯ್ಯನವರನ್ನು ಕರೆಸಿ. ಅಣ್ಣ ವೈನಿ ಇಬ್ಬರೂ ಬಂದು ಅಕ್ಕಿಕಾಳು ಹಾಕಿದರು. ಆ ನೆಲ ನನ್ನದೆಂದು ನನಗೆ ಎಂದೂ ಅನಿಸಲಿಲ್ಲ; ಬಿಡಲೂ ಇಲ್ಲ. ಎರಡೂ ನಿಜ.

ಪ್ರತಿ ವರ್ಷ ಗಾಣ ನಿಂತ ಮೇಲೆ ಬೆಲ್ಲ ತೆಗೆದುಕೊಂಡು ಗೋಕಾಕಕ್ಕೆ ಹೋಗುತ್ತಿದ್ದೆ. ಮೊದಲ ವರ್ಷ ಹೋದಾಗ ದೊಡ್ಡವ್ವ ನನ್ನ ದನಿ ಕೇಳಿ ಒಳಗಿನಿಂದ ಬಂದಳು. ಮೈ ತುಂಬಿತ್ತು, ಮುಖ ತಿಳಿಯಾಗಿತ್ತು. ಅಣ್ಣ ಶಾಲೆಯಿಂದ ಬಂದ ಮೇಲೆ ನಮ್ಮಿಬ್ಬರನ್ನೂ ಸಾಲಾಗಿ ಊಟಕ್ಕೆ ಕೂರಿಸಿ, ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು ತಂದಳು. ಮೊದಲ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು. ನಮ್ಮ ಕಡೆ ಮನೆಗೆ ಬಂದ ಬೀಗರಿಗೆ, ನೆಂಟರಿಗೆ ಮೊದಲು ಬಡಿಸುವುದು ರೂಢಿ.